ಹಾಸನ, ಚಿಕ್ಕಮಗಳೂರಿನ ಜನರಿಗೆ ಒಗ್ಗುವ ಆರೋಗ್ಯ ಆ್ಯಪ್: ಯಂತ್ರ ಎಲ್ಲಿ ಮಾತಾಡಬೇಕು, ಎಲ್ಲಿ ನಿಲ್ಲಬೇಕು?

ಹೇಮಾವತಿ ದಂಡೆ (ಹಾಸನ), ಮೊದಲ ಬರಹ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವವರಿಗಾಗಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ಉತ್ತರಿಸುವ ಮೊಬೈಲ್ ಆ್ಯಪ್ ಒಂದನ್ನು ಇಬ್ಬರು ಗೆಳೆಯರ ಜೊತೆ ಸೇರಿ ಎಂಟು ತಿಂಗಳಿಂದ ಕಟ್ಟುತ್ತಿದ್ದೇನೆ. ಬಳಸುವವರು ತಮ್ಮ ಬಿಪಿ ಮತ್ತು ಸಕ್ಕರೆಯ ಅಂಕಿಗಳನ್ನು ಅದರಲ್ಲಿ ಬರೆದಿಡಬಹುದು. ಮೈಯಲ್ಲಿ ಏನಾಗುತ್ತಿದೆ ಎಂದು ಹೇಳಿದರೆ, ಮನೆಯಲ್ಲೇ ಇರಬಹುದೇ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕೇ, ಕೂಡಲೇ 108ಕ್ಕೆ ಕರೆ ಮಾಡಬೇಕೇ ಎಂಬುದನ್ನು ಆ್ಯಪ್ ತಿಳಿಸಬೇಕು ಎಂಬುದು ನಮ್ಮ ಉದ್ದೇಶ.

ಈ ಕೆಲಸಕ್ಕೆ ಕೈ ಹಾಕಲು ಕಾರಣ ನನ್ನ ಅವ್ವ. ಅವರು ಅರಕಲಗೂಡು ಕಡೆಯ ನಮ್ಮ ಊರಿನಲ್ಲಿ ಒಬ್ಬರೇ ಇದ್ದಾರೆ. ಕಳೆದ ವರ್ಷ ಬೇರೊಂದು ಆ್ಯಪನ್ನು ಅವರ ಫೋನಿಗೆ ನಾನೇ ಹಾಕಿಕೊಟ್ಟಿದ್ದೆ. ಒಂದು ಸಂಜೆ ಅದರಲ್ಲಿ ‘ನಾಳೆ ಉಪವಾಸದ ಸಕ್ಕರೆ ಪರೀಕ್ಷೆ’ ಎಂಬ ಸೂಚನೆ ಬಂತು. ಉಪವಾಸವೆಂದರೆ ಏಕಾದಶಿಯ ಉಪವಾಸದಂತೆ ಎಂದೇ ತಿಳಿದ ಅವ್ವ ರಾತ್ರಿಯ ಊಟ ಬಿಟ್ಟು, ಬೆಳಗಿನ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ, ಮಧ್ಯಾಹ್ನದವರೆಗೂ ನೀರು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಕೊಟ್ಟಿಗೆಯಲ್ಲಿ ಮೈಯೆಲ್ಲ ಬೆವೆತು, ಕೈ ನಡುಗಿ, ಗೊಂತಿನ ಪಕ್ಕ ಕುಸಿದು ಕೂತಿದ್ದವರನ್ನು ಪಕ್ಕದ ಮನೆಯ ಚಿಕ್ಕಮ್ಮ ಕಂಡು ಬೆಲ್ಲದ ನೀರು ಕುಡಿಸಿದರು. ಆಗ ಮೀಟರಿನಲ್ಲಿ ಕಂಡ ಅಂಕಿ 54. ಅದು 70ಕ್ಕಿಂತ ಕೆಳಗಿಳಿದರೆ ಅಪಾಯ ಎಂಬುದು ಇಲ್ಲಿ ಬಹಳ ಮಂದಿಗೆ ಗೊತ್ತಿರುತ್ತದೆ. ಹಾಸನದ ಯಾವ ಲ್ಯಾಬಿಗೆ ಹೋದರೂ ಹುಡುಗರು ಹೇಳುವುದು ‘ಖಾಲಿ ಹೊಟ್ಟೇಲಿ ಬನ್ನಿ’ ಎಂದು. ಆ ಎರಡು ಪದಗಳನ್ನು ಬಳಸಿದ್ದರೆ ಅವ್ವನಿಗೆ ಈ ಪಾಡು ಬರುತ್ತಿರಲಿಲ್ಲ.

ಆದ್ದರಿಂದ ಆಸ್ಪತ್ರೆಗಳಲ್ಲಿ, ಹಳ್ಳಿಗಳಲ್ಲಿ ಕೆಲಸ ಮಾಡುವವರಲ್ಲಿ ನನ್ನ ವಿನಂತಿ ಇಷ್ಟು: ಜನ ತಮ್ಮ ನೋವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ, ಯಾವ ಕಡೆ ನಮ್ಮ ಯಂತ್ರ ಎಡವಬಹುದು ಎಂಬುದನ್ನು ದಯವಿಟ್ಟು ತಿಳಿಸಿ.

ಬಿಸಿಲೆ ಘಾಟಿ (ಸಕಲೇಶಪುರ)

ಹೇಮಾವತಿ ದಂಡೆಯವರೇ, ನಿಮ್ಮ ತಾಯಿಯವರ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ನಾನು ಹದಿನಾಲ್ಕು ವರ್ಷಗಳಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿ ಕೆಲಸ ಮಾಡುತ್ತಿದ್ದೇನೆ. ನೀವು ಮೊದಲು ಕಲಿಸಬೇಕಾದ ಪದ ಒಂದಿದೆ: ‘ಗ್ಯಾಸ್ಟ್ರಿಕ್’.

ನಮ್ಮ ಕಡೆ ಹೊಟ್ಟೆ ಉಬ್ಬರಿಸಿದರೂ, ಹುಳಿತೇಗು ಬಂದರೂ, ಎದೆ ಉರಿದರೂ, ಬೆನ್ನು ಹಿಡಿದರೂ, ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಆದರೂ ಜನ ಹೇಳುವುದು ಅದೊಂದೇ ಪದವನ್ನು. ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಅಂಗಡಿಯಿಂದ ಮಾತ್ರೆ ತಂದು ನುಂಗಿ, ಯಾವುದಕ್ಕೂ ಬಗ್ಗದಿದ್ದಾಗ ರಾತ್ರಿ ಹನ್ನೊಂದಕ್ಕೆ ಬರುತ್ತಾರೆ. ಇಸಿಜಿ ತೆಗೆದಾಗ ಹೃದಯಾಘಾತವಾಗಿ ಆರೇಳು ಗಂಟೆ ಕಳೆದಿರುತ್ತದೆ. ನಿಮ್ಮ ಆ್ಯಪ್ ಗ್ಯಾಸ್ಟ್ರಿಕ್ ಎಂಬ ಪದವನ್ನು ಅಕ್ಷರಶಃ ಹೊಟ್ಟೆಯ ತೊಂದರೆಯೆಂದು ತೆಗೆದುಕೊಂಡು, ‘ಖಾರ ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ’ ಎಂದು ಸಲಹೆ ಕೊಟ್ಟರೆ, ಆ ರೋಗಿ ಆಸ್ಪತ್ರೆಗೆ ಬರುವುದು ಇನ್ನಷ್ಟು ತಡವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವಾದರೂ ನೋವು ಬಹಳ ಕಡಿಮೆ ಇರಬಹುದು, ಬರಿಯ ಸುಸ್ತು, ಬೆವರು, ಏದುಸಿರು ಮಾತ್ರ ಕಾಣಬಹುದು. ನಿಮ್ಮ ಆ್ಯಪ್ ಇರುವುದೇ ಅವರಿಗಾಗಿ ಎಂಬುದನ್ನು ಮರೆಯಬೇಡಿ.

2025ರ ಜೂನ್ ಮತ್ತು ಜುಲೈ ತಿಂಗಳುಗಳು ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾಗಿ, ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿಯನ್ನು ನೇಮಿಸಬೇಕಾಯಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ನಮ್ಮಲ್ಲಿಗೂ ಆಗ ಮೈಯಲ್ಲಿ ಏನೂ ಇಲ್ಲದವರು ಹೆದರಿ ಬಂದರು. ಬರಲೇಬೇಕಾಗಿದ್ದ ಕೆಲವರು ಮಾತ್ರ ‘ನಂದು ಬರೀ ಗ್ಯಾಸ್ಟ್ರಿಕ್’ ಎಂದು ಮನೆಯಲ್ಲೇ ಉಳಿದರು.

‘ನಿಮಗೆ ಎದೆನೋವು ಇದೆಯೇ?’ ಎಂದು ಕೇಳಬೇಡಿ. ‘ನೋವಲ್ಲ ಸಿಸ್ಟರ್, ಒಂಥರಾ ಹಿಡಕೊಂಡ ಹಾಗೆ’ ಎನ್ನುವವರೇ ಹೆಚ್ಚು. ಎದೆ, ಗಂಟಲು, ದವಡೆ, ಭುಜ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗ ಬಿಗಿಯಾಗಿದೆಯೇ, ಭಾರ ಹೇರಿದಂತಿದೆಯೇ, ಏರು ಹತ್ತಿದಾಗ ಹೆಚ್ಚಾಗಿ ಕೂತಾಗ ಇಳಿಯುತ್ತದೆಯೇ, ತಣ್ಣನೆಯ ಬೆವರು ಬರುತ್ತಿದೆಯೇ ಎಂದು ಕೇಳಿ.

ಕೃತಕ ಬುದ್ಧಿಮತ್ತೆಯ ಬಗ್ಗೆ ನನಗೆ ವಿರೋಧವಿಲ್ಲ. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಓದಲು ಇದೇ ತಂತ್ರಜ್ಞಾನ ನೆರವಾಗುತ್ತದೆ. ಜಯದೇವದಂತಹ ದೊಡ್ಡ ಕೇಂದ್ರದ ತಜ್ಞರು ಅದನ್ನು ನೋಡುತ್ತಾರೆ, ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಕೊಡುತ್ತಾರೆ. ಅಲ್ಲಿ ಯಂತ್ರ ವೈದ್ಯರ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತದೆ. ನಿಮ್ಮದು ರೋಗಿಯ ಕೈಯಲ್ಲಿ, ಯಾರೂ ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ ಕೆಲಸ ಮಾಡಬೇಕಾಗಿರುವುದರಿಂದ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕು.

ಲೈನ್ ಮನೆ ದಾರಿ (ಮೂಡಿಗೆರೆ ತಾಲ್ಲೂಕು)

ನಾನು ಆಶಾ ಕಾರ್ಯಕರ್ತೆ. ಸಿಸ್ಟರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಕಾಫಿ ತೋಟದ ಕೂಲಿಯವರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ ಮನೆಗೊಂದೇ ಒಳ್ಳೆಯ ಫೋನ್ ಇರುತ್ತದೆ, ಅದು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುತ್ತದೆ. ‘ಬಿಳಿ ಹೋಗುತ್ತೆ’, ‘ಮುಟ್ಟು ನಿಲ್ತಾ ಇಲ್ಲ’ ಎಂದು ನನ್ನ ಕಿವಿಯಲ್ಲಿ ಹೇಳುವ ಹೆಣ್ಣುಮಗಳು ಆ ಫೋನಿಗೆ ಅದನ್ನು ಹೇಳುವುದಿಲ್ಲ. ಹೇಳಿದ್ದೆಲ್ಲ ಪರದೆಯ ಮೇಲೆ ಉಳಿದು, ಸಂಜೆ ಮಗ ಫೋನ್ ತೆಗೆದಾಗ ಕಾಣುವಂತಿದ್ದರೆ ಎರಡನೆಯ ಸಲ ಅವಳು ಅದನ್ನು ಮುಟ್ಟುವುದೇ ಇಲ್ಲ. ಒಂದೇ ಫೋನಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ, ಪ್ರತಿ ಖಾತೆಗೂ ತನ್ನದೇ ಬೀಗ ಇರಲಿ, ಮಾತು ಮುಗಿದ ಕೂಡಲೇ ಅಳಿಸಿಹಾಕುವ ಗುಂಡಿ ಎದುರಿಗೇ ಕಾಣಲಿ.

ಎರಡನೆಯದು ಮಳೆ. ಅಕ್ಷರ ಬಾರದವರಿಗೆ ಧ್ವನಿಯಿಂದ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆಷಾಢದಲ್ಲಿ ನಮ್ಮ ಕಡೆ ತಗಡಿನ ಸೂರಿನ ಮೇಲೆ ಮಳೆ ಸುರಿಯುವಾಗ ಎದುರಿಗೆ ಕೂತವರ ಮಾತೇ ನನಗೆ ಕೇಳಿಸುವುದಿಲ್ಲ, ಇನ್ನು ಫೋನಿಗೆ ಹೇಗೆ ಕೇಳಿಸಬೇಕು? ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಒಂದು ಆ್ಯಪಿಗೆ ‘ಕಣ್ಣಿಗೆ ಕತ್ತಲೆ ಬರುತ್ತೆ’ ಎಂದು ಮೂರು ಸಲ ಕೂಗಿ ಹೇಳಿದರು. ಮೂರನೆಯ ಸಲ ಅದಕ್ಕೆ ಕೇಳಿಸಿತು, ಆದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಹೇಳಿತು. ಅವರು ಹೇಳಿದ್ದು ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಹಾಗೆ ಆಗುತ್ತದೆ ಎಂದು. ಬಿಪಿ ನೋಡಿದರೆ ಬಹಳ ಇಳಿದಿತ್ತು. ಮಾತ್ರೆಯ ಪ್ರಮಾಣವನ್ನು ಡಾಕ್ಟರು ಬದಲಿಸಿದ ಮೇಲೆ ಸರಿಹೋಯಿತು. ಆದ್ದರಿಂದ ಧ್ವನಿಯ ಜೊತೆಗೆ ಚಿತ್ರ ಮುಟ್ಟಿ ಹೇಳುವ ದಾರಿಯೂ ಇರಲಿ. ಮನುಷ್ಯನ ಮೈಯ ಚಿತ್ರ ಕೊಟ್ಟು ‘ಎಲ್ಲಿ?’ ಎಂದು ಕೇಳಿದರೆ ಅಕ್ಷರ ಬಾರದವರೂ ಬೆರಳಿಟ್ಟು ತೋರಿಸುತ್ತಾರೆ.

ನೆಟ್‌ವರ್ಕ್ ಸಿಗಲು ನಮ್ಮಲ್ಲಿ ಗುಡ್ಡದ ಮೇಲಿನ ಬಸ್ ನಿಲ್ದಾಣಕ್ಕೆ ಹೋಗಬೇಕು. ಕಾಯಿಲೆಯವರು ಗುಡ್ಡ ಹತ್ತಲಾರರು.

ಮಹಾರಾಜ ಪಾರ್ಕ್ (ಹಾಸನ)

ನಾನು ಬೆಂಗಳೂರಿನಲ್ಲಿ ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವ ಕೆಲಸದಲ್ಲಿದ್ದು, ಈಗ ಊರಿನಿಂದಲೇ ಕೆಲಸ ಮಾಡುತ್ತಿದ್ದೇನೆ.

ಇಂಗ್ಲಿಷಿಗಾಗಿ ಅಳೆದು ಮಾಡಿದ ಪರದೆಯಲ್ಲಿ ಕನ್ನಡವನ್ನು ತುರುಕಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ. ‘ರಕ್ತದೊತ್ತಡ’ ಎಂಬ ಪದದಲ್ಲಿ ಎರಡು ಕಡೆ ಒತ್ತು ಇದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಪೊರೆ ಬಂದ ಕಣ್ಣಿಗೆ ಅದು ಮಸಿಯ ಗೆರೆಯಂತೆ ಕಾಣುತ್ತದೆ. ನನ್ನ ಕೇಳಿದರೆ ಆ ಪದವೇ ಬೇಡ, ಎಲ್ಲರೂ ಬಿಪಿ ಎಂದೇ ಹೇಳುತ್ತಾರೆ. 140/90 ಎಂಬುದನ್ನು ಬರೆಯಲು ಎರಡು ಚೌಕಗಳನ್ನು ಕೊಟ್ಟು, ‘ಮೇಲಿನದು’, ‘ಕೆಳಗಿನದು’ ಎಂದು ಹೆಸರಿಡಿ. ಮೇಲಿನದಕ್ಕಿಂತ ಕೆಳಗಿನದು ದೊಡ್ಡದಾಗಿದ್ದರೆ ಬರೆದುಕೊಳ್ಳದೆ, ‘ಇನ್ನೊಮ್ಮೆ ನೋಡಿ ಹೇಳಿ’ ಎಂದು ಆ್ಯಪ್ ಕೇಳಲಿ.

ಗುಂಡಿಗಳ ಅಳತೆಗೆ ಆಂಡ್ರಾಯ್ಡ್‌ನ ಮಾರ್ಗಸೂಚಿ ಕನಿಷ್ಠ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್ ಎನ್ನುತ್ತದೆ. ಮೆಣಸು ಕೊಯ್ದು, ಕಳೆ ಕಿತ್ತು ಒರಟಾದ ಬೆರಳುಗಳಿಗೆ ಅದೂ ಸಾಲದು ಎಂಬುದು ನನ್ನ ಅನುಭವ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಬಣ್ಣದ ಅಂತರ ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವನ್ನು ಪಾಲಿಸಿ. ಬೂದು ಬಣ್ಣದ ಅಕ್ಷರ ಬಿಸಿಲಿನಲ್ಲಿ ಕಾಣುವುದೇ ಇಲ್ಲ.

ಮಾತ್ರೆಯ ವಿಷಯದಲ್ಲಿ ನಮ್ಮ ಜನಕ್ಕೆ ಆಗಲೇ ಚೆನ್ನಾಗಿ ಗೊತ್ತಿರುವ ಒಂದು ಲಿಪಿ ಇದೆ. ಚೀಟಿಯಲ್ಲಿ ಬರೆಯುವ 1-0-1 ಎಂಬುದನ್ನು ಓದು ಬಾರದ ನನ್ನ ಸೋದರತ್ತೆಯೂ ‘ಬೆಳಗ್ಗೆ ಒಂದು, ರಾತ್ರಿ ಒಂದು’ ಎಂದು ಸರಾಗವಾಗಿ ಹೇಳುತ್ತಾರೆ. ಔಷಧಿ ಅಂಗಡಿಯವರು ಮಾತ್ರೆಯ ಪಟ್ಟಿಯ ಹಿಂದೆ ಪೆನ್ನಿನಲ್ಲಿ ಅದನ್ನೇ ಬರೆದು ಕೊಡುತ್ತಾರೆ. ಗಡಿಯಾರದ ಚಿತ್ರ, ಕ್ಯಾಲೆಂಡರು, ಜಾರುಪಟ್ಟಿ ಇವೆಲ್ಲವನ್ನೂ ಬಿಟ್ಟು, ಮೂರು ಮನೆಗಳ ಆ ಲಿಪಿಯನ್ನೇ ಪರದೆಯ ಮೇಲೆ ದೊಡ್ಡದಾಗಿ ಹಾಕಿ, ಪಕ್ಕದಲ್ಲಿ ಆ ಮಾತ್ರೆಯ ಫೋಟೋ ಇಡಿ.

ತುಂಗೆಯ ಪಕ್ಕ (ಕೊಪ್ಪ)

ನಾನು ಸಣ್ಣ ಬೆಳೆಗಾರ. ಇಂತಹ ಆ್ಯಪ್‌ಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಕಾರಣವನ್ನು ಹೇಳುತ್ತೇನೆ.

ನಮ್ಮ ತೋಟದಲ್ಲಿ ಕೆಲಸಕ್ಕೆ ಬಂದ ಹುಡುಗನಿಗೆ ಕಾಫಿ ಗಿಡದ ನಡುವೆ ಹಾವು ಕಚ್ಚಿತು. ಅವನ ಅಣ್ಣ ಹಾವಿನ ಫೋಟೋ ತೆಗೆದು, ಹಾವು ಗುರುತಿಸುವ ಯಾವುದೋ ಆ್ಯಪಿಗೆ ಹಾಕಿದ. ಅದು ಒಮ್ಮೆ ವಿಷವಿಲ್ಲದ್ದು ಎಂದಿತು, ಇನ್ನೊಂದು ಫೋಟೋಗೆ ಬೇರೆಯೇ ಹೆಸರು ಹೇಳಿತು. ಆ ಫೋಟೋ ಸರಿಯಾಗಿ ಬರಲೆಂದು ಮುಕ್ಕಾಲು ಗಂಟೆ ಕಳೆದರು. ಹುಡುಗ ಉಳಿದ, ಆದರೆ ಕಾಲು ಊದಿ ಎರಡು ವಾರ ಮಲಗಿದ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ನಮ್ಮ ದೇಶದ ಪ್ರತಿವಿಷವನ್ನು ತಯಾರಿಸುತ್ತಾರೆ. ಮಲೆನಾಡಿನ ಗುಳಿಮಂಡಲಗಳಿಗೆ ಅದು ಹೊಂದುವುದಿಲ್ಲ. ಇದನ್ನೆಲ್ಲ ವೈದ್ಯರು ರೋಗಿಯನ್ನು ನೋಡಿ ನಿರ್ಧರಿಸಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಹಾವು ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಿಮ್ಮ ಆ್ಯಪ್ ಬೇರೆಲ್ಲ ಪ್ರಶ್ನೆಗಳನ್ನೂ ಬಿಟ್ಟು 108ರ ಗುಂಡಿಯನ್ನು ತೋರಿಸಬೇಕು.

ಮಂಗನ ಕಾಯಿಲೆಯದ್ದೂ ಇದೇ ಕಥೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಯ ಹೊತ್ತಿಗೆ ಬರುತ್ತದೆ. ಕಾಡಿಗೆ ದರಗು (ಒಣಗಿದ ಎಲೆ) ಗುಡಿಸಲು ಹೋದಾಗ ರಕ್ತ ಹೀರುವ ಉಣುಗು ಕಚ್ಚಿತೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂದು ನಮ್ಮ ಆರೋಗ್ಯ ಕೇಂದ್ರದವರು ಮೊದಲು ಕೇಳುತ್ತಾರೆ. ಎಲ್ಲೋ ದೂರದ ಊರಿನ ಜ್ವರಗಳ ಮಾಹಿತಿಯಿಂದ ಕಲಿತ ಯಂತ್ರಕ್ಕೆ ಈ ಪ್ರಶ್ನೆ ಹೊಳೆಯುವುದುಂಟೇ?

ರತ್ನಗಿರಿ ಬೋರೆ (ಚಿಕ್ಕಮಗಳೂರು)

ತುಂಗೆಯ ಪಕ್ಕದವರ ಪ್ರಶ್ನೆಗೆ ಉತ್ತರ: ಹೊಳೆಯುವುದಿಲ್ಲ, ನಾವೇ ಹೇಳಿಕೊಡಬೇಕು. ನಾನು ಯಂತ್ರಕಲಿಕೆಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಪ್ರಯೋಗಾಲಯದಲ್ಲಿ ಗೆದ್ದ ವ್ಯವಸ್ಥೆ ಊರಿನಲ್ಲಿ ಸೋಲುವುದಕ್ಕೆ ಒಂದು ಒಳ್ಳೆಯ ನಿದರ್ಶನ ಥಾಯ್ಲೆಂಡಿನದು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆಗೆ ಆಗುವ ಹಾನಿಯನ್ನು ಫೋಟೋದಿಂದ ಗುರುತಿಸುವ ಗೂಗಲ್ ಸಂಸ್ಥೆಯ ವ್ಯವಸ್ಥೆಯನ್ನು ಅಲ್ಲಿನ 11 ಚಿಕಿತ್ಸಾಲಯಗಳಲ್ಲಿ ಬಳಸಿ ನೋಡಿದರು. 2020ರಲ್ಲಿ ಅವರದೇ ಸಂಶೋಧಕರು ಪ್ರಕಟಿಸಿದ ವರದಿಯ ಪ್ರಕಾರ, ಕೊಟ್ಟ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಗುಣಮಟ್ಟ ಸಾಲದೆಂದು ಯಂತ್ರ ತಿರಸ್ಕರಿಸಿತು. ಕೋಣೆಗಳಲ್ಲಿ ಬೇಕಾದಷ್ಟು ಕತ್ತಲೆ ಇರಲಿಲ್ಲ, ಇಂಟರ್ನೆಟ್ ನಿಧಾನವಾಗಿತ್ತು. ದೋಷ ಇಲ್ಲವೆಂದು ದಾದಿಯರಿಗೆ ಕಂಡ ಕಣ್ಣುಗಳಿಗೂ ತಜ್ಞರನ್ನು ಕಾಣಲು ಇನ್ನೊಂದು ದಿನ ದೂರದ ಆಸ್ಪತ್ರೆಗೆ ಹೋಗಿ ಎಂದು ಹೇಳಬೇಕಾಯಿತು. ಗಣಿತದಲ್ಲಿ ತಪ್ಪಿರಲಿಲ್ಲ, ಕೋಣೆಯನ್ನು ಯಾರೂ ಮೊದಲೇ ಹೋಗಿ ನೋಡಿರಲಿಲ್ಲ.

ಹೇಮಾವತಿ ದಂಡೆಯವರೇ, ನೀವು ದೊಡ್ಡ ಭಾಷಾ ಮಾದರಿಯನ್ನು, ಅಂದರೆ ಅಪಾರ ಬರಹಗಳಿಂದ ಭಾಷೆ ಕಲಿತು ಮಾತಿಗೆ ಮಾತು ಜೋಡಿಸುವ ಯಂತ್ರವನ್ನು, ಬಳಸುತ್ತಿರುವಿರೆಂದು ಭಾವಿಸುತ್ತೇನೆ. ಒಂದೇ ನೋವನ್ನು ಎರಡು ರೀತಿಯಲ್ಲಿ ಹೇಳಿದರೆ ಅದು ಎರಡು ಉತ್ತರ ಕೊಡಬಹುದು, ಎರಡನ್ನೂ ಒಂದೇ ಧೈರ್ಯದಿಂದ ಹೇಳುತ್ತದೆ. ಆದ್ದರಿಂದ ಅದಕ್ಕೆ ಜನರ ಮಾತನ್ನು ಅರ್ಥಮಾಡಿಕೊಳ್ಳುವ ಕೆಲಸವನ್ನಷ್ಟೇ ಕೊಡಿ. ‘ಹಿಡಕೊಂಡ ಹಾಗೆ’, ‘ಕಲ್ಲು ಹೇರಿದ ಹಾಗೆ’ ಎಂಬ ಮಾತುಗಳು ಒಂದೇ ಗುಂಪಿಗೆ ಸೇರುತ್ತವೆ ಎಂದು ಅದು ಗುರುತಿಸಲಿ. ಅಪಾಯವಿದೆಯೇ ಇಲ್ಲವೇ ಎಂಬ ತೀರ್ಮಾನವನ್ನು ವೈದ್ಯರು ಬರೆದು ಒಪ್ಪಿದ ಖಚಿತ ನಿಯಮಗಳು ಮಾಡಲಿ. ಆ ನಿಯಮಗಳು ಚಿಕ್ಕವಾದ್ದರಿಂದ ಫೋನಿನೊಳಗೇ ಇರಬಹುದು, ಗುಡ್ಡ ಹತ್ತಬೇಕಾಗಿಲ್ಲ. ಭಾರತದ 2020ರ ಟೆಲಿಮೆಡಿಸಿನ್ (ದೂರದಿಂದಲೇ ನೀಡುವ ವೈದ್ಯಕೀಯ ಸೇವೆಯ) ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಕೃತಕ ಬುದ್ಧಿಮತ್ತೆ ವೈದ್ಯರಿಗೆ ನೆರವಾಗಬಹುದು, ರೋಗಿಗೆ ತಾನೇ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ನಿಮ್ಮ ಆ್ಯಪ್ ಈ ಗೆರೆಯ ಯಾವ ಕಡೆ ನಿಲ್ಲುತ್ತದೆ ಎಂಬುದನ್ನು ಈಗಲೇ ಬಲ್ಲವರಿಂದ ಕೇಳಿ ತಿಳಿದುಕೊಳ್ಳಿ.

ಮಾಹಿತಿಯ ಬಗ್ಗೆಯೂ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು, ಕನ್ನಡ ಅವುಗಳಲ್ಲಿ ಒಂದು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆಗೆದುಕೊಳ್ಳಲೂ ಆಗಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಆದರೆ ಅಲ್ಲಿಯವರೆಗೆ ಕಾಯಬೇಡಿ.

ಲೈನ್ ಮನೆ ದಾರಿ (ಮೂಡಿಗೆರೆ ತಾಲ್ಲೂಕು)

ರತ್ನಗಿರಿ ಬೋರೆಯವರು ಹೇಳಿದ್ದು ನನಗೆ ಅರ್ಥವಾಯಿತು, ಒಪ್ಪುತ್ತೇನೆ. ಆದರೆ ನಿಯಮ ಬರೆಯುವ ಡಾಕ್ಟರು ತಪ್ಪು ಆಗಬಾರದೆಂದು ಎಲ್ಲದಕ್ಕೂ ‘ಆಸ್ಪತ್ರೆಗೆ ಹೋಗಿ’ ಎಂದು ಬರೆದರೆ ಏನು ಮಾಡುವುದು? ಇಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ತಪ್ಪಿದರೆ ಆಟೋ ಬಾಡಿಗೆ ಬೇರೆ. ಎರಡು ಸಲ ಹೋಗಿ ಏನೂ ಇಲ್ಲವೆಂದು ಬಂದವರು ಮೂರನೆಯ ಸಲ ನಿಜವಾಗಿ ಹೋಗಬೇಕಾದಾಗ ಹೋಗುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಿಸಿಲೆ ಘಾಟಿ (ಸಕಲೇಶಪುರ)

ಅಕ್ಕ, ನಿಮ್ಮ ಮಾತು ಪೂರ್ತಿ ಸರಿ. ನಾವು ಆಸ್ಪತ್ರೆಯಲ್ಲಿ ಕೂತವರು ದಾರಿಯ ಖರ್ಚನ್ನು ಲೆಕ್ಕ ಹಾಕುವುದೇ ಇಲ್ಲ. ಎದೆಯ ಬಿಗಿತ, ಹಾವು, ಮಾತು ತೊದಲುವುದು, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಗರ್ಭಿಣಿಗೆ ರಕ್ತ ಹೋಗುವುದು, ಉಸಿರಾಡಲು ಕಷ್ಟವಾಗುವುದು: ಇಂತಹ ಕೆಲವೇ ವಿಷಯಗಳಲ್ಲಿ ಯಾವ ರಿಯಾಯಿತಿಯೂ ಬೇಡ, ಅಲ್ಲಿ ಹತ್ತು ಸಲ ಸುಮ್ಮನೆ ಬಂದರೂ ನಾವು ಬೇಸರಪಡುವುದಿಲ್ಲ. ಉಳಿದದ್ದಕ್ಕೆ ಆಸ್ಪತ್ರೆಗೂ ಮನೆಗೂ ನಡುವೆ ಇನ್ನೊಂದು ಮೆಟ್ಟಿಲು ಇರಲಿ. ಅದು ನೀವೇ. ‘ನಿಮ್ಮ ಆಶಾ ಅಕ್ಕನಿಗೆ ತೋರಿಸಿ’ ಎಂಬ ಉತ್ತರವನ್ನೂ ಆ್ಯಪ್ ಕೊಡಬಹುದಲ್ಲವೇ? ಹಾಗೆಯೇ 104ರ ಆರೋಗ್ಯ ಸಹಾಯವಾಣಿ ಇದೆ, ಮನಸ್ಸಿನ ತೊಂದರೆಗೆ ಟೆಲಿಮಾನಸ್‌ನ 14416 ಇದೆ. ಹೋಗಿ ಎಂದು ಹೇಳುವಾಗ ಏಕೆ ಎಂಬುದನ್ನೂ ಒಂದೇ ವಾಕ್ಯದಲ್ಲಿ ಹೇಳಲಿ. ಕಾರಣ ಗೊತ್ತಿದ್ದರೆ ಜನ ಕೂಲಿ ಬಿಟ್ಟಾದರೂ ಬರುತ್ತಾರೆ.

ಲೈನ್ ಮನೆ ದಾರಿ (ಮೂಡಿಗೆರೆ ತಾಲ್ಲೂಕು)

ಕೊಡಬಹುದು ಸಿಸ್ಟರ್. ಆದರೆ ಆಶಾಗಳಿಗೆ ಹೊಸ ಕೆಲಸ ಸೇರಿಸುವ ಮೊದಲು ನಮ್ಮನ್ನು ಕೇಳಿ, ಇಲಾಖೆಯನ್ನೂ ಕೇಳಿ. ಈಗಲೇ ಹಲವು ಆ್ಯಪ್‌ಗಳಲ್ಲಿ ಒಂದೇ ಹೆಸರನ್ನು ಮತ್ತೆ ಮತ್ತೆ ತುಂಬುತ್ತಿದ್ದೇವೆ.

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನನ್ನ ಹೃತ್ಪೂರ್ವಕ ಕೃತಜ್ಞತೆಗಳು. ಮೂರು ದಿನಗಳಿಂದ ಇದನ್ನೇ ಓದುತ್ತಾ ನಮ್ಮ ಪರದೆಗಳನ್ನು ಬಿಚ್ಚಿ ಕಟ್ಟುತ್ತಿದ್ದೇವೆ.

ಭಾಷಾ ಮಾದರಿಯಿಂದ ತೀರ್ಮಾನದ ಕೆಲಸವನ್ನು ತೆಗೆದುಹಾಕಿದ್ದೇವೆ. ಅಪಾಯದ ನಿಯಮಗಳನ್ನು ಇಬ್ಬರು ವೈದ್ಯರು ಕೂತು ಬರೆಯುತ್ತಿದ್ದಾರೆ, ಅವು ನೆಟ್‌ವರ್ಕ್ ಇಲ್ಲದೆಯೂ ಫೋನಿನಲ್ಲಿ ಕೆಲಸ ಮಾಡುತ್ತವೆ. ಯಂತ್ರ ತನಗೆ ಅರ್ಥವಾದದ್ದನ್ನು ಮೊದಲು ತಿರುಗಿ ಹೇಳುತ್ತದೆ: ‘ಎದ್ದು ನಿಂತಾಗ ತಲೆ ಸುತ್ತುತ್ತದೆ ಎಂದು ಹೇಳಿದಿರಿ, ಸರಿಯೇ?’ ಹೌದು ಎಂದರೆ ಮಾತ್ರ ಮುಂದಕ್ಕೆ ಹೋಗುತ್ತದೆ. ಎರಡು ಸಲ ಕೇಳಿಸದಿದ್ದರೆ ಮೂರನೆಯ ಸಲ ಕೂಗಿಸದೆ ಮೈಯ ಚಿತ್ರವನ್ನು ತೋರಿಸುತ್ತದೆ. ಮಾತ್ರೆಯ ಪರದೆ ಈಗ 1-0-1 ಆಗಿದೆ. ಜ್ವರ ಎಂದವರಿಗೆ ಕಾಡು, ಉಣುಗು, ಸತ್ತ ಮಂಗದ ಪ್ರಶ್ನೆ ಬರುತ್ತದೆ. ಖಾತೆಗಳ ಬೀಗದ ಕೆಲಸ ಇನ್ನೂ ಮುಗಿದಿಲ್ಲ, ಅದು ಮುಗಿಯುವವರೆಗೆ ಹೆಣ್ಣುಮಕ್ಕಳ ಆರೋಗ್ಯದ ಭಾಗವನ್ನು ತೆರೆಯುವುದಿಲ್ಲ. ಆಶಾ ಅಕ್ಕನಿಗೆ ತೋರಿಸಿ ಎಂಬ ಮೆಟ್ಟಿಲನ್ನು ಇಲಾಖೆಯ ಒಪ್ಪಿಗೆ ಸಿಗುವವರೆಗೆ ಸೇರಿಸುವುದಿಲ್ಲ, ಅಲ್ಲಿಯವರೆಗೆ ಆ ಜಾಗದಲ್ಲಿ 104 ಇರುತ್ತದೆ.

ನಿನ್ನೆ ಊರಿಗೆ ಹೋಗಿ ಅವ್ವನ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತೆ. ‘ಗ್ಯಾಸ್ಟ್ರಿಕ್ ಆಗೈತೆ’ ಎಂದು ಅವರು ಹೇಳಿದಾಗ ಆ್ಯಪ್ ನಾವು ಬರೆದಿದ್ದ ವಾಕ್ಯವನ್ನೇ ಹೇಳಿತು: ‘ಶ್ರಮ ಪಟ್ಟಾಗ ಬಿಗಿತ ಹೆಚ್ಚಾಗುತ್ತದೆಯೇ?’ ಅವ್ವ ನನ್ನ ಮುಖ ನೋಡಿ, ‘ಶ್ರಮ ಅಂದ್ರೆ ಯಾವ್ದಪ್ಪಾ?’ ಎಂದು ಕೇಳಿದರು. ಬಿಸಿಲೆ ಘಾಟಿಯವರು ‘ಏರು ಹತ್ತಿದಾಗ’ ಎಂದು ಬರೆದಿದ್ದನ್ನು ನಾವು ಶಿಷ್ಟವಾಗಿರಲೆಂದು ತಿದ್ದಿದ್ದೆವು. ಆದರೆ ನಮ್ಮ ಊರು ಬಯಲು, ಅಲ್ಲಿ ಏರು ಇಲ್ಲ. ಬಯಲುಸೀಮೆಯ ಕಡೆಯವರಿಗೆ ಆ ಪ್ರಶ್ನೆಯನ್ನು ಹೇಗೆ ಕೇಳಬೇಕು?

ಬಿಸಿಲೆ ಘಾಟಿ (ಸಕಲೇಶಪುರ)

ನಾನು ಮೊದಲು ಅರಸೀಕೆರೆ ಕಡೆ ಕೆಲಸ ಮಾಡುವಾಗ ಕೇಳುತ್ತಿದ್ದುದು ಹೀಗೆ: ‘ತುಂಬಿದ ಬಿಂದಿಗೆ ಎತ್ತಿಕೊಂಡು ನಡೆದರೆ ಹೆಚ್ಚಾಗುತ್ತಾ, ಇಳಿಸಿ ಕೂತರೆ ಕಡಿಮೆ ಆಗುತ್ತಾ?’ ಗಂಡಸರಿಗಾದರೆ ಮೇವಿನ ಹೊರೆ ಎಂದು ಹೇಳುತ್ತಿದ್ದೆ. ಬೇಕಿದ್ದರೆ ಎರಡನ್ನೂ ನನ್ನ ಧ್ವನಿಯಲ್ಲೇ ಮುದ್ರಿಸಿ ಕಳಿಸುತ್ತೇನೆ.